ದಾರಿಗೂ ಸವಕಳಿ ಇದೆ

ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಸೆಪ್ಟೆಂಬರ್ ಮೊದಲ ವಾರದಿಂದ ಒಂದು ಹಾಳೆ ಇದೆ. "ಮುಂದಿನ ಆದೇಶದವರೆಗೆ ವಿದ್ಯಾರ್ಥಿಗಳ ಎಲ್ಲ ಚಾರಣ ಕಾರ್ಯಕ್ರಮಗಳನ್ನು ನಿಲ್ಲಿಸಲಾಗಿದೆ." ಪಕ್ಕದಲ್ಲಿದ್ದ ವಿದ್ಯಾರ್ಥಿವೇತನದ ಹಾಳೆ ಬದಲಾಯಿತು, ಪರೀಕ್ಷಾ ಶುಲ್ಕದ ಹಾಳೆ ಬಂತು, ಹೋಯಿತು. ಇದು ಮಾತ್ರ ಅಲ್ಲೇ ಇದೆ. ಮುಂದಿನ ತಿಂಗಳ ಪೋಷಕರ ಸಭೆಯಲ್ಲಿ ಈ ನಿರ್ಧಾರವನ್ನು ಖಾಯಂ ಮಾಡಬೇಕೋ ಬೇಡವೋ ಎಂದು ಚರ್ಚೆಯಾಗುತ್ತದಂತೆ. ಆ ಸಭೆಯಲ್ಲಿ ವಿದ್ಯಾರ್ಥಿಗಳು ಮಾತನಾಡುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಾರಣ ಮತ್ತೆ ಶುರುವಾಗಬೇಕು. ಆದರೆ ಹಿಂದಿನ ಹಾಗೆ ಅಲ್ಲ. ನಾವು ನಡೆಯುವ ದಾರಿಯನ್ನು ನಾವೇ ದುರಸ್ತಿ ಮಾಡುವುದೂ ಚಾರಣದ ಭಾಗವಾಗಬೇಕು. ಇದು ಯಾರ ಮೇಲಿನ ದೂರೂ ಅಲ್ಲ. ದೂರು ಕೊಡುವುದಾದರೆ ಮೊದಲು ನನ್ನ ಮೇಲೆಯೇ ಕೊಡಬೇಕು. ಏಕೆ ಎಂದು ಮುಂದೆ ಹೇಳುತ್ತೇನೆ.

ನಮ್ಮ ತುಮಕೂರಿನ ಸುತ್ತ ಬೆಟ್ಟಗಳಿಗೆ ಬರವಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆ ಕಡೆಯ ಸಿದ್ದರಬೆಟ್ಟ, ಚನ್ನರಾಯನದುರ್ಗ, ಊರಿನಿಂದ 15 ಕಿಲೋಮೀಟರ್ ದೂರದಲ್ಲೇ ಇರುವ ದೇವರಾಯನದುರ್ಗ. ಬೆಂಗಳೂರಿನಿಂದ ಜನ ಬೆಳಗಿನ ಜಾವ ಎದ್ದು ಕಾರಿನಲ್ಲಿ ಬಂದು ಹತ್ತಿ ಹೋಗುತ್ತಾರೆ. ನಮ್ಮ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದ ಎಷ್ಟೋ ಹುಡುಗಿಯರು ಇವುಗಳನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದಾರೆ. ಕಳೆದ ವರ್ಷದವರೆಗೆ ನಾನೂ ಹಾಗೇ ಇದ್ದೆ. ಊರಿನ ಒಂದು ಚಾರಣ ಬಳಗದವರು ನಮ್ಮ ಕಾಲೇಜಿಗೆ ಬಂದು ಮಾತನಾಡಿದ ಮೇಲೆ ಮೊದಲ ಸಲ ಹೋದೆ. ಮನೆಯಲ್ಲಿ ಹೇಳಿದಾಗ ದಾದಿ ಕೇಳಿದ್ದು ಒಂದೇ ಪ್ರಶ್ನೆ: "ಪಹಾಡ್ ಪೊ ಕಾಯ್ಕು ಜಾನಾ ಮಾ?" ಬೆಟ್ಟಕ್ಕೆ ಯಾಕೆ ಹೋಗಬೇಕು ಎಂಬುದಕ್ಕೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. "ಎಲ್ಲರೂ ಹೋಗುತ್ತಿದ್ದಾರೆ" ಎಂದಿದ್ದೆ.

ಈಗ ಆಗಸ್ಟ್ ತಿಂಗಳಲ್ಲಿ ನಡೆದದ್ದು. ಅದು ನಮ್ಮ ಮೂರನೆಯ ಚಾರಣ. 34 ವಿದ್ಯಾರ್ಥಿಗಳು, ಮೂವರು ಉಪನ್ಯಾಸಕರು, ಬಳಗದ ಐದು ಜನ. ದೇವರಾಯನದುರ್ಗಕ್ಕೆ ಮೇಲಿನವರೆಗೆ ಟಾರು ರಸ್ತೆ ಇದೆ. ನಾವು ಹೋದದ್ದು ಪಕ್ಕದ ಕಾಲುದಾರಿಯಲ್ಲಿ. ಅದು ಇಳಿಜಾರಿಗೆ ಅಡ್ಡಡ್ಡವಾಗಿ, ತಿರುವು ತಿರುವಾಗಿ ಹೋಗುತ್ತದೆ. ಹತ್ತುವಾಗ ಎಲ್ಲರೂ ಸರಿಯಾಗಿಯೇ ಹತ್ತಿದೆವು. ಇಳಿಯುವಾಗ ಹಸಿವು. ಎರಡು ತಿರುವುಗಳ ನಡುವೆ ನೆಟ್ಟಗೆ ಕೆಳಗಿಳಿಯುವ ಒಂದು ಕೊರಕಲು ಕಾಣಿಸಿತು. ಬಹಳ ಜನ ಅಲ್ಲಿ ಇಳಿದಿದ್ದಾರೆ ಎಂದು ಹುಲ್ಲು ಸವೆದಿದ್ದರಿಂದಲೇ ಗೊತ್ತಾಗುತ್ತಿತ್ತು. ಮುಂದೆ ಇದ್ದ ಮೇಷ್ಟ್ರು ತಿರುವಿನ ಆಚೆ ಮರೆಯಾಗಿದ್ದರು. "ಇಲ್ಲಿ ಇಳಿದರೆ ಹತ್ತು ನಿಮಿಷ ಉಳಿಯುತ್ತೆ, ಬನ್ನಿ" ಎಂದು ಹೇಳಿ ಮೊದಲು ಇಳಿದವಳು ನಾನು.

ಗಟ್ಟಿ ನೆಲದ ಮೇಲೆ ಸಣ್ಣ ಗರಸು ಕಲ್ಲು ಹರಡಿತ್ತು. ಸಿಮೆಂಟ್ ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ. ನಾನು ಹೇಗೋ ಇಳಿದೆ. ನನ್ನ ಹಿಂದೆ ಇಬ್ಬರು ಕೂತುಕೊಂಡೇ ಜಾರಿ ಬಂದರು. ನಾಲ್ಕನೆಯವಳು ನನ್ನ ಬೆಂಚಿನ ಗೆಳತಿ. ಅವಳ ಕಾಲು ಜಾರಿತು, ಬೀಳುವಾಗ ಕೈ ಊರಿದಳು. ಬಲಗೈ ಮಣಿಕಟ್ಟಿನ ಹತ್ತಿರ ಮೂಳೆ ಮುರಿಯಿತು. ಮೇಷ್ಟ್ರು ಓಡಿ ಬಂದು ದಿನಪತ್ರಿಕೆಯನ್ನು ದಪ್ಪಗೆ ಮಡಚಿ, ಕೈಗೆ ಆಸರೆ ಕೊಟ್ಟು, ನನ್ನ ದುಪಟ್ಟಾದಲ್ಲಿ ಕುತ್ತಿಗೆಗೆ ಕಟ್ಟಿದರು. ಅವಳು ಅಳಲಿಲ್ಲ. ನಾನು ಅತ್ತೆ.

ಆರು ವಾರ ಪ್ಲಾಸ್ಟರ್. ಬರೆಯುವ ಕೈ ಆದ್ದರಿಂದ ಅವಳು ಅರ್ಧವಾರ್ಷಿಕ ಪರೀಕ್ಷೆ ಬರೆಯಲಾಗಲಿಲ್ಲ. ಎಕ್ಸ್‌ರೇ, ಪ್ಲಾಸ್ಟರ್, ಔಷಧಿ, ಆಟೋ ಎಲ್ಲ ಸೇರಿ ಅವರ ಮನೆಯವರಿಗೆ 11,600 ರೂಪಾಯಿ ಖರ್ಚಾಯಿತು. ಅವಳ ಅಬ್ಬಾ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಾರೆ. ಕಾಲೇಜಿನವರು ಕೇಳಿದಾಗ ನಾವೆಲ್ಲ "ದಾರಿ ಜಾರುತ್ತಿತ್ತು ಸರ್" ಎಂದೆವು. ಅದು ಸುಳ್ಳಲ್ಲ. ಆದರೆ ಯಾವ ದಾರಿ, ಅಲ್ಲಿಗೆ ಯಾರು ಕರೆದುಕೊಂಡು ಹೋದರು ಎಂದು ಯಾರೂ ಹೇಳಲಿಲ್ಲ. ಎರಡು ವಾರ ನಾನೂ ಹೇಳಲಿಲ್ಲ. ಕೊನೆಗೆ ಅವಳ ಮನೆಗೆ ಹೋಗಿ ಅವಳ ಅಮ್ಮಿಯ ಮುಂದೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಾಯ್ ಕುಡಿದು ಹೋಗು" ಎಂದರು. ಇದನ್ನು ಬರೆಯುವ ಮೊದಲು ಗೆಳತಿಯನ್ನು ಕೇಳಿದ್ದೇನೆ. ಹೆಸರು ಹಾಕಬೇಡ, ಉಳಿದದ್ದು ಬರಿ ಎಂದಿದ್ದಾಳೆ.

ಮೇಷ್ಟ್ರ ಹತ್ತಿರವೂ ಹೋಗಿ ಹೇಳಿದೆ. ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಬಳಗದಲ್ಲಿ ಎಲ್ಲರಿಗೂ ಅವರು ಮೇಷ್ಟ್ರೇ. ಬೈಯುತ್ತಾರೆ ಎಂದುಕೊಂಡಿದ್ದೆ. "ನೀನೇ ಮೊದಲನೆಯವಳಲ್ಲ ಬಿಡಮ್ಮ. ಆ ಕೊರಕಲು ನಾಲ್ಕು ವರ್ಷದಿಂದ ಅಲ್ಲೇ ಇದೆ. ಅದನ್ನ ನಾವು ಯಾವತ್ತೋ ಮುಚ್ಚಬೇಕಿತ್ತು. ಮುಚ್ಚಲಿಲ್ಲ, ಅದು ನಮ್ಮ ತಪ್ಪು" ಎಂದರು.

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಏಕೆಂದರೆ ನಾನು ವಾಣಿಜ್ಯ ವಿದ್ಯಾರ್ಥಿನಿ. ಕಳೆದ ವರ್ಷ ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬ ಅಧ್ಯಾಯ ಓದಿದ್ದೇವೆ. ಒಂದು ಯಂತ್ರವನ್ನು ಬಳಸಿದಷ್ಟೂ ಅದು ಸವೆಯುತ್ತದೆ. ಆ ಸವೆತವನ್ನು ಪ್ರತಿ ವರ್ಷ ಖರ್ಚು ಎಂದು ತೋರಿಸಬೇಕು. ತೋರಿಸದಿದ್ದರೆ ಲಾಭ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಯಂತ್ರ ಕೆಟ್ಟು ನಿಂತ ದಿನ ಹೊಸದು ಕೊಳ್ಳಲು ಕೈಯಲ್ಲಿ ಹಣ ಇರುವುದಿಲ್ಲ. ಭೂಗೋಳದಲ್ಲಿ ಮಣ್ಣು ಕೊಚ್ಚಿ ಹೋಗುವುದಕ್ಕೂ ಸವಕಳಿ ಎಂದೇ ಹೇಳುತ್ತಾರೆ. ಎರಡಕ್ಕೂ ಒಂದೇ ಪದ ಏಕೆ ಎಂದು ನಾನು ಯೋಚಿಸಿರಲಿಲ್ಲ. ಕಾಲುದಾರಿಯ ವಿಷಯದಲ್ಲಿ ಎರಡೂ ಒಂದೇ. ನಾವು ಮೂರು ಚಾರಣದ ಸಂತೋಷವನ್ನು ಜಮಾ ಮಾಡಿಕೊಂಡೆವು. ಸವಕಳಿಯನ್ನು ಯಾರ ಖಾತೆಗೂ ಬರೆಯಲಿಲ್ಲ. ಕೊನೆಗೆ ಅದು ಗೆಳತಿಯ ಖಾತೆಗೆ ಬಿತ್ತು.

ದಾರಿ ಹೇಗೆ ಸವೆಯುತ್ತದೆ ಎಂದು ಮೇಷ್ಟ್ರು ತೋರಿಸಿಕೊಟ್ಟರು. ಕಾಲು ಬಿದ್ದು ಬಿದ್ದು ದಾರಿಯ ಮಣ್ಣು ಗಟ್ಟಿಯಾಗುತ್ತದೆ. ಗಟ್ಟಿ ಮಣ್ಣು ಮಳೆನೀರನ್ನು ಕುಡಿಯುವುದಿಲ್ಲ. ಆಗ ನೀರು ದಾರಿಯನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ಇಳಿಜಾರಿಗೆ ಅಡ್ಡವಾಗಿರುವ ದಾರಿಯಲ್ಲಿ ನೀರಿಗೆ ವೇಗ ಕಡಿಮೆ. ಎರಡು ತಿರುವುಗಳ ನಡುವೆ ನಾವು ಮಾಡುವ ಅಡ್ಡದಾರಿ ನೆಟ್ಟಗೆ ಕೆಳಗಿಳಿಯುತ್ತದೆ, ಹಾಗಾಗಿ ನೀರೂ ನೆಟ್ಟಗೆ ಓಡುತ್ತದೆ, ಮಣ್ಣನ್ನು ಎತ್ತಿಕೊಂಡು ಹೋಗುತ್ತದೆ. ಉಳಿಯುವುದು ಗರಸು ಮತ್ತು ಬೇರು. ಕೆಸರಾದ ಕಡೆ ನಾವು ಚಪ್ಪಲಿ ಕೊಳೆಯಾಗುತ್ತದೆ ಎಂದು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತೇವೆ. ಮುಂದಿನ ವರ್ಷ ಅಲ್ಲೂ ಕೆಸರು. ಎರಡು ಅಡಿ ದಾರಿ ಹತ್ತು ಅಡಿ ಆಗುತ್ತದೆ. ಇದೆಲ್ಲ ಕೆಟ್ಟವರು ಮಾಡುವ ಕೆಲಸವಲ್ಲ. ಹಸಿದವರು, ಹೊಸ ಚಪ್ಪಲಿ ಹಾಕಿದವರು, ಮುಂದಿನವರನ್ನು ನಂಬಿದವರು ಮಾಡುವುದು.

ದೇವರಾಯನದುರ್ಗದಲ್ಲಿ ಇದು ಬರಿಯ ದಾರಿಯ ಪ್ರಶ್ನೆಯೂ ಅಲ್ಲ. ಸುಮಾರು 1,200 ಮೀಟರ್ ಎತ್ತರದ ಈ ಗುಡ್ಡಗಳಲ್ಲಿ ಜಯಮಂಗಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಶಿಂಷಾ ಹುಟ್ಟಿ ಕಾವೇರಿಯನ್ನು ಸೇರುತ್ತಾಳೆ. ನಮ್ಮ ಜಿಲ್ಲೆಯಂಥ ಕಡಿಮೆ ಮಳೆಯ ಜಿಲ್ಲೆಯಲ್ಲಿ ಗುಡ್ಡದ ಮಣ್ಣು ಕೊಚ್ಚಿ ಬಂದರೆ ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಇಲ್ಲಿನ ಕುರುಚಲು ಕಾಡಿನಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ನಾನು ಇನ್ನೂ ನೋಡಿಲ್ಲ, ದನಿ ಮಾತ್ರ ಕೇಳಿದ್ದೇನೆ. ನಾವು ಪ್ರತಿ ಸಲ ಒಂದು ಹೊಸ ಅಡ್ಡದಾರಿ ಮಾಡಿದರೆ ಅದರ ಪೊದೆಯನ್ನು ಎರಡು ತುಂಡು ಮಾಡುತ್ತೇವೆ.

ಅಕ್ಟೋಬರ್ ಕೊನೆಯ ಭಾನುವಾರ ಬಳಗದವರು ಆ ಕೊರಕಲು ಮುಚ್ಚಲು ಹೊರಟರು. ಕಾಲೇಜಿನಿಂದ ಹೋಗುವ ಹಾಗಿರಲಿಲ್ಲ. ನಾನು ಅಬ್ಬುವನ್ನು ಕೇಳಿದೆ. ಅಬ್ಬುವಿಗೆ ವೆಲ್ಡಿಂಗ್ ಅಂಗಡಿ ಇದೆ, ಭಾನುವಾರ ಅರ್ಧ ದಿನ ಮಾತ್ರ ರಜೆ. "ನಾನೂ ಬರ್ತೀನಿ, ಏನು ಮಾಡ್ತಾರೋ ನೋಡೋಣ" ಎಂದರು. ನನ್ನನ್ನು ಕಾಯಲು ಬರುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ನನಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಅಬ್ಬುವಿಗೆ ಪೂರ್ತಿ ಚಾರ್ಜು. "ಕಾಯೋಕೆ ಬಂದವನಿಗೆ ದುಡ್ಡು, ಕೆಲಸ ಮಾಡೋಳಿಗೆ ಫ್ರೀ" ಎಂದು ನಕ್ಕರು.

ಮೇಷ್ಟ್ರ ಜೇಬಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಪತ್ರ ಇತ್ತು. ಇದು ಮುಖ್ಯ. ಕಾಡಿನಲ್ಲಿ ಒಂದು ಕಲ್ಲು ಕದಲಿಸುವುದಕ್ಕೂ ನಮಗೆ ನಾವೇ ಅಧಿಕಾರ ಕೊಟ್ಟುಕೊಳ್ಳುವ ಹಾಗಿಲ್ಲ. ಇಲಾಖೆಯ ಗಾರ್ಡ್ ಒಬ್ಬರು ನಮ್ಮ ಜೊತೆಗೇ ಇದ್ದರು. ಯಾವ ಗಿಡ ಮುಟ್ಟಬಾರದು, ಯಾವ ಲಂಟಾನ ಕಡಿಯಬಹುದು ಎಂದು ಅವರೇ ತೋರಿಸಿದರು.

ನಾವು 22 ಜನ. ಎರಡು ಹಾರೆ, ನಾಲ್ಕು ಪಿಕಾಸಿ, ಸಲಿಕೆ, ಬಾಂಡ್ಲಿ, ಗೋಣಿಚೀಲ. ಮೊದಲ ಕೆಲಸ, ಮೂಲ ದಾರಿಯನ್ನು ಸರಿಮಾಡುವುದು. ಅದು ಚೆನ್ನಾಗಿದ್ದರೆ ತಾನೇ ಜನ ಅಡ್ಡದಾರಿ ಬಿಡುವುದು? ನೀರನ್ನು ಪಕ್ಕಕ್ಕೆ ತಿರುಗಿಸಲು ದಾರಿಗೆ ಕಲ್ಲಿನ ಸಾಲು ಕೂರಿಸಿದೆವು. ನಾನು ಅದನ್ನು ನೇರ ಅಡ್ಡವಾಗಿ ಜೋಡಿಸಲು ಹೋದೆ. ಮೇಷ್ಟ್ರು ತೆಗೆಸಿದರು. ನೇರ ಇಟ್ಟರೆ ನೀರು ಹಿಂದೆ ನಿಂತು ಮೇಲಿನಿಂದ ಹಾರುತ್ತದೆ, ಓರೆಯಾಗಿ ಇಟ್ಟರೆ ಕಲ್ಲಿನ ಗುಂಟ ಹರಿದು ಪಕ್ಕದ ಹುಲ್ಲಿಗೆ ಹೋಗುತ್ತದೆ. ಕಲ್ಲಿನ ಹೆಚ್ಚು ಭಾಗ ಮಣ್ಣಿನೊಳಗೆ ಇರಬೇಕು, ಸ್ವಲ್ಪ ಮಾತ್ರ ಮೇಲೆ ಕಾಣಬೇಕು. ಮೇಲೆ ಕೂತ ಕಲ್ಲು ಒಂದು ಮಳೆಗೆ ಉರುಳುತ್ತದೆ, ಅದರ ಮೇಲೆ ಕಾಲಿಟ್ಟವರೂ ಉರುಳುತ್ತಾರೆ. ಕೂರಿಸಿದ ಪ್ರತಿ ಕಲ್ಲಿನ ಮೇಲೆ ಒಬ್ಬರು ನಿಂತು ಕುಣಿಯಬೇಕು. ಅಲ್ಲಾಡಿದರೆ ಮತ್ತೆ ಅಗೆಯಬೇಕು. ನಾನು ಕೂರಿಸಿದ ಮೊದಲ ಕಲ್ಲು ಮೂರು ಸಲ ಅಲ್ಲಾಡಿತು.

ಆಮೇಲೆ ಕೊರಕಲು. ಅದರೊಳಗೆ ಅಡ್ಡಕ್ಕೆ ಕಲ್ಲು ಜೋಡಿಸಿ, ಬರುವ ಮಣ್ಣು ಅಲ್ಲೇ ನಿಲ್ಲುವ ಹಾಗೆ ಮಾಡಿದೆವು. ಕಡಿದ ಲಂಟಾನದ ಒಣ ಕೊಂಬೆಗಳನ್ನು ಬಾಯಿಗೆ ಹಾಕಿದೆವು. ಈಗ ಅಲ್ಲಿ ದಾರಿ ಇತ್ತು ಎಂದೇ ಕಾಣುವುದಿಲ್ಲ. ಬೋರ್ಡು ಹಾಕಿ "ಇಲ್ಲಿ ಇಳಿಯಬೇಡಿ" ಎಂದು ಬರೆಯಬಹುದಲ್ಲ ಎಂದು ಕೇಳಿದೆ. ಮೇಷ್ಟ್ರು, "ನೀನು ಬೋರ್ಡು ಓದ್ತಿದ್ದೆಯೇನಮ್ಮ?" ಎಂದರು. ನಾನು ಉತ್ತರ ಕೊಡಲಿಲ್ಲ.

ಹತ್ತೂವರೆ ಹೊತ್ತಿಗೆ ಅಬ್ಬು ಕಲ್ಲಿನ ಮೇಲೆ ಕೂತು ನೋಡುವುದನ್ನು ಬಿಟ್ಟು ಎದ್ದು ಬಂದರು. ಮೂವರು ಹುಡುಗರು ಒಂದು ದೊಡ್ಡ ಕಲ್ಲನ್ನು ತಳ್ಳಲಾಗದೆ ನಿಂತಿದ್ದರು. ಅಬ್ಬು ಹಾರೆಯ ಕೆಳಗೆ ಒಂದು ಚಿಕ್ಕ ಕಲ್ಲು ಕೊಟ್ಟು, ಒಬ್ಬರೇ ಮೀಟಿ ಹೊರಳಿಸಿದರು. ಆಮೇಲೆ ಅವರನ್ನು ಯಾರೂ ಬಿಡಲಿಲ್ಲ. ದೇವಸ್ಥಾನಕ್ಕೆ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿ, "ದಿನಕ್ಕೆ ಎಷ್ಟು ಕೊಡ್ತಾರಮ್ಮ ಕೂಲಿ?" ಎಂದು ನನ್ನನ್ನೇ ಕೇಳಿದರು. ಕೂಲಿ ಇಲ್ಲ ಎಂದಾಗ ನಂಬಲಿಲ್ಲ. ಹೋಗುವಾಗ ಚೀಲದಿಂದ ನಾಲ್ಕು ಬಾಳೆಹಣ್ಣು ತೆಗೆದುಕೊಟ್ಟರು. ಝುಹರ್ ಹೊತ್ತಿಗೆ ಮೇಷ್ಟ್ರೇ, "ನಿಮ್ಮ ನಮಾಜ್ ಟೈಮ್ ಆಯ್ತಲ್ವಾ ಭಾಯ್?" ಎಂದು ಅಬ್ಬುವನ್ನು ನೆನಪಿಸಿದರು. ಕೈಕಾಲು ತೊಳೆಯಲು ಬಳಗದವರು ತಮ್ಮ ಕುಡಿಯುವ ನೀರಿನ ಕ್ಯಾನ್ ಕೊಟ್ಟರು. ವಾಪಸ್ ಬರುವಾಗ ಅಬ್ಬು ಮುರಿದಿದ್ದ ಒಂದು ಪಿಕಾಸಿಯನ್ನು ವೆಲ್ಡಿಂಗ್ ಮಾಡಿಕೊಡುತ್ತೇನೆಂದು ಹೆಗಲ ಮೇಲೆ ಹಾಕಿಕೊಂಡು ಬಂದರು.

ಆ ದಿನದ ಖರ್ಚು ನಾನೇ ಬರೆದಿಟ್ಟೆ. ಕೈಗವಸು, ತಿಂಡಿ, ನಿಂಬೆಹಣ್ಣು, ಸಕ್ಕರೆ, ಬ್ಯಾಂಡೇಜು ಎಲ್ಲ ಸೇರಿ 1,840 ರೂಪಾಯಿ. 22 ಜನಕ್ಕೆ ಹಂಚಿದರೆ ತಲಾ 84 ರೂಪಾಯಿಗೂ ಕಡಿಮೆ. ಗೆಳತಿಯ ಆಸ್ಪತ್ರೆ ಖರ್ಚು 11,600. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಎಂದು ಮಾತ್ರ ಕೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಯಾರಾದರೂ ಈ 1,840 ಖರ್ಚು ಮಾಡಿದ್ದರೆ ಆ 11,600 ಉಳಿಯುತ್ತಿತ್ತು. ಅವಳ ಪರೀಕ್ಷೆಯೂ ಉಳಿಯುತ್ತಿತ್ತು.

ಈಗ ಚಾರಣ ಬೇಡ ಎನ್ನುವವರ ಮಾತಿಗೆ ಬರುತ್ತೇನೆ. ಅವರು ನಮ್ಮ ಶತ್ರುಗಳಲ್ಲ. ಹೆಚ್ಚಿನವರು ನಮ್ಮ ತಂದೆತಾಯಿಯರೇ.

ಮೊದಲನೆಯದು, ಅಪಾಯ. ಅಪಾಯ ಇಲ್ಲ ಎಂದು ನಾನು ಹೇಳುವುದಿಲ್ಲ. ದೇವರಾಯನದುರ್ಗದ ಕಾಡಿನಲ್ಲಿ ಚಿರತೆಯೂ ಇದೆ, ಕರಡಿಯೂ ಇದೆ. ಆದರೆ ನಮ್ಮ ಮೂರು ಚಾರಣದಲ್ಲಿ ಆದ ಒಂದೇ ಅಪಘಾತ ಪ್ರಾಣಿಯಿಂದ ಆಗಲಿಲ್ಲ, ಬೆಟ್ಟದಿಂದಲೂ ಆಗಲಿಲ್ಲ. ಸಾಲು ತಪ್ಪಿಸಿ, ಮುಂದಿನವರನ್ನು ಕೇಳದೆ, ಅಡ್ಡದಾರಿ ಹಿಡಿದಿದ್ದರಿಂದ ಆಯಿತು. ಅದಕ್ಕೆ ಪರಿಹಾರ ಶಿಸ್ತು. ಕಾಲೇಜಿನ ಮುಂದಿನ ರಸ್ತೆಯಲ್ಲಿ ಅಪಘಾತವಾದರೆ ನಾವು ಕಾಲೇಜಿಗೆ ಬರುವುದನ್ನು ನಿಲ್ಲಿಸುವುದಿಲ್ಲ, ಹಂಪ್ ಹಾಕಿಸಿ ಎಂದು ಅರ್ಜಿ ಕೊಡುತ್ತೇವೆ.

ಎರಡನೆಯದು, ಓದು ಹಾಳಾಗುತ್ತದೆ. ತಿಂಗಳಿಗೆ ಒಂದು ಭಾನುವಾರದ ಅರ್ಧ ದಿನ. ಉಳಿದ ಭಾನುವಾರ ನಾವು ಎಷ್ಟು ಓದುತ್ತೇವೆ ಎಂದು ನಮಗೂ ಗೊತ್ತು, ನಮ್ಮ ಮೊಬೈಲಿಗೂ ಗೊತ್ತು.

ಮೂರನೆಯದು, ಇದು ಸರ್ಕಾರದ ಕೆಲಸ, ನಮ್ಮದಲ್ಲ. ಸರ್ಕಾರದ ಕೆಲಸವೂ ಹೌದು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ವಿಡಿಯೊ ಎಲ್ಲರೂ ನೋಡಿದ್ದೇವೆ. ಕಾಲಿಡಲು ಜಾಗವಿರಲಿಲ್ಲ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿಯಿತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತಂದಿತು. ಅದು ಸರಿಯಾದ ಕ್ರಮ. ಆದರೆ ಮಿತಿಯೊಳಗೆ ಹೋದವರೂ ನಡೆಯುವುದು ಕಾಲಿನಿಂದಲೇ. ಅವರ ಕಾಲಿನಿಂದಲೂ ದಾರಿ ಸವೆಯುತ್ತದೆ. ಒಬ್ಬ ಗಾರ್ಡ್ ಎಷ್ಟು ಕಿಲೋಮೀಟರ್ ದಾರಿಗೆ ಕಲ್ಲು ಕೂರಿಸಬಲ್ಲರು? ಅನುಮತಿ ಪಡೆದು, ಅವರ ಕಣ್ಣೆದುರಿಗೆ, ಅವರು ಹೇಳಿದ ಹಾಗೆ ಕೈಜೋಡಿಸುವುದಕ್ಕೆ ಸರ್ಕಾರ ಬೇಡ ಎನ್ನಲಿಲ್ಲ.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಬೆಟ್ಟ ಯಾಕೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸೆಪ್ಟೆಂಬರ್‌ನಲ್ಲಿ ಆ ಹಾಳೆ ಅಂಟಿಸಿದ ಮೇಲೆ ನಮ್ಮ ತರಗತಿಯ ಹುಡುಗರು ಎರಡು ಸಲ ಬೆಟ್ಟಕ್ಕೆ ಹೋಗಿ ಬಂದಿದ್ದಾರೆ. ಬೈಕಿನಲ್ಲಿ, ಮೂವರು ಮೂವರು, ಹೆಲ್ಮೆಟ್ ಇಲ್ಲದೆ, ಮನೆಯಲ್ಲಿ ಟ್ಯೂಷನ್ ಎಂದು ಹೇಳಿ. ಅವರ ಜೊತೆ ಉಪನ್ಯಾಸಕರಿಲ್ಲ, ಮೇಷ್ಟ್ರಿಲ್ಲ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಲ್ಲ. ಹೆಸರು ಹೇಳುವುದಿಲ್ಲ, ಅವರು ನನ್ನ ಜೊತೆ ಮಾತು ಬಿಡುತ್ತಾರೆ. ಹಾಗಾದರೆ ಆ ಆದೇಶ ನಿಲ್ಲಿಸಿದ್ದು ಯಾರನ್ನು? ಹುಡುಗಿಯರನ್ನು ಮಾತ್ರ. ಕಾಲೇಜು ಕರೆದುಕೊಂಡು ಹೋದರೆ ನಾವು ಹೋಗುತ್ತೇವೆ. ಇಲ್ಲದಿದ್ದರೆ ಇಲ್ಲ. ನಮಗೆ ಎರಡನೆಯ ದಾರಿಯೇ ಇಲ್ಲ. ನನ್ನ ಅಬ್ಬು ಒಂದು ಭಾನುವಾರ ಬಂದರು. ಎಲ್ಲ ಅಬ್ಬುಗಳಿಗೂ ಬರಲಾಗುವುದಿಲ್ಲ. ನನ್ನ ಗೆಳತಿಯ ಅಬ್ಬಾಗೆ ಭಾನುವಾರವೇ ವ್ಯಾಪಾರ ಜಾಸ್ತಿ. ನಮ್ಮ ಆಡಳಿತ ಮಂಡಳಿಯವರು ಈ ಕಾಲೇಜನ್ನು ಕಟ್ಟಿದ್ದೇ, ದೂರ ಕಳಿಸಲು ಹೆದರುವ ಮನೆಗಳ ಹೆಣ್ಣುಮಕ್ಕಳೂ ಓದಲಿ ಎಂದು. ಮನೆಯವರು ನಂಬುವ ಕಟ್ಟಡ ಇದೊಂದೇ. ಇದು ಬಾಗಿಲು ಮುಚ್ಚಿದರೆ ನಮಗೆ ಬೇರೆ ಬಾಗಿಲು ತೆರೆಯುವುದಿಲ್ಲ.

ಇನ್ನು ಧರ್ಮದ ಮಾತು. ದಾರಿಯಲ್ಲಿ ನಡೆಯುವವರಿಗೆ ತೊಂದರೆ ಕೊಡುವ ವಸ್ತುವನ್ನು ತೆಗೆದುಹಾಕುವುದೂ ಒಂದು ಸದಕಾ ಎಂದು ಪ್ರವಾದಿ(ಸ)ರವರು ಕಲಿಸಿದ್ದನ್ನು ನಾವೆಲ್ಲ ಚಿಕ್ಕಂದಿನಲ್ಲೇ ಮದ್ರಸಾದಲ್ಲಿ ಕೇಳಿದ್ದೇವೆ. ಅದು ಯಾರು ನಡೆಯುವ ದಾರಿ ಎಂದು ಅಲ್ಲಿ ಷರತ್ತು ಇಲ್ಲ. ದೇವಸ್ಥಾನಕ್ಕೆ ಹೋಗುವ ಅಜ್ಜಿಯೂ ಆ ದಾರಿಯಲ್ಲಿ ನಡೆಯುತ್ತಾರೆ, ಮೇಕೆ ಕಾಯುವ ಹುಡುಗನೂ ನಡೆಯುತ್ತಾನೆ, ನಾವೂ ನಡೆಯುತ್ತೇವೆ. ಇದರ ಬಗ್ಗೆ ಇಷ್ಟು ಹೇಳಿದರೆ ಸಾಕು.

ಟೀಕೆ ಮಾಡಿದವರು ಪರಿಹಾರವನ್ನೂ ಹೇಳಬೇಕು ಎಂದು ನಮ್ಮ ಅರ್ಥಶಾಸ್ತ್ರದ ಮೇಡಂ ಹೇಳುತ್ತಾರೆ. ಆದ್ದರಿಂದ ಪೋಷಕರ ಸಭೆಯ ಮುಂದೆ ಈ ಸಲಹೆಗಳನ್ನು ಇಡುತ್ತಿದ್ದೇನೆ.

ಒಂದು, ವರ್ಷಕ್ಕೆ ನಾಲ್ಕು ಚಾರಣ ಇದ್ದರೆ ಎರಡು ಬರಿಯ ನಡಿಗೆ, ಎರಡು ದುರಸ್ತಿ. ದುರಸ್ತಿಗೆ ಬಂದವರಿಗೆ ಮಾತ್ರ ನಡಿಗೆಗೆ ಅವಕಾಶ. ಮಳೆಗೆ ಮುಂಚೆ ಒಂದು ಸಲ ಹೋಗಿ ನೀರು ಹೋಗುವ ಜಾಗಗಳನ್ನು ಬಿಡಿಸಬೇಕು, ಮಳೆ ಮುಗಿದ ಮೇಲೆ ಒಂದು ಸಲ ಹೋಗಿ ಏನು ಉಳಿದಿದೆ ನೋಡಬೇಕು. ಫೆಬ್ರವರಿಯಿಂದ ಹುಲ್ಲು ಒಣಗಿ ಬೆಂಕಿಯ ಭಯ ಇರುತ್ತದೆ, ಆಗ ಹೋಗುವುದು ಬೇಡ.

ಎರಡು, ಹತ್ತು ವಿದ್ಯಾರ್ಥಿಗಳಿಗೆ ಬಳಗದ ಒಬ್ಬರು. ಸಾಲಿನ ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು. ಮುಂದಿನವರನ್ನು ದಾಟುವ ಹಾಗಿಲ್ಲ. ತಿರುವಿನಲ್ಲಿ ಹಿಂದಿನವರು ಕಾಣುವವರೆಗೆ ನಿಲ್ಲಬೇಕು. ಆಗಸ್ಟ್‌ನಲ್ಲಿ ಈ ಒಂದು ನಿಯಮ ಇದ್ದಿದ್ದರೆ ನಾನು ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಮೂರು, ಹುಡುಗಿಯರಿದ್ದರೆ ಇಬ್ಬರು ಮಹಿಳಾ ಉಪನ್ಯಾಸಕರು. ಮಧ್ಯಾಹ್ನ ಮೂರರೊಳಗೆ ಬಸ್ ನಿಲ್ದಾಣಕ್ಕೆ ವಾಪಸ್. ಅರಣ್ಯ ಇಲಾಖೆಯ ಅನುಮತಿಯ ಪ್ರತಿಯನ್ನು ಮೊದಲೇ ಪೋಷಕರಿಗೆ ಕಳಿಸಬೇಕು.

ನಾಲ್ಕು, ಹೊಸ ಚಪ್ಪಲಿ, ಸ್ಪೀಕರ್, ಒಮ್ಮೆ ಬಳಸಿ ಎಸೆಯುವ ತಟ್ಟೆ ಲೋಟ ಬೇಡ. ಮನೆಯಿಂದ ಡಬ್ಬಿ ತರಬೇಕು. ತಂದ ಕಸವನ್ನಷ್ಟೇ ಅಲ್ಲ, ಕಂಡ ಕಸವನ್ನೂ ಹೊತ್ತು ತರಬೇಕು. ನಮ್ಮ ಎರಡನೆಯ ಚಾರಣದ ಬಿರಿಯಾನಿ ಪ್ಯಾಕೆಟ್‌ಗಳ ಪ್ಲಾಸ್ಟಿಕ್ ಚಮಚಗಳಲ್ಲಿ ಮೂರು ನನಗೆ ಅಕ್ಟೋಬರ್‌ನಲ್ಲಿ ಪೊದೆಯಲ್ಲಿ ಸಿಕ್ಕವು. ನಮ್ಮವೇ ಎಂದು ಹೇಗೆ ಗೊತ್ತು ಎಂದರೆ, ಆರ್ಡರ್ ಕೊಟ್ಟವಳು ನಾನೇ. ನಾನೇ ಆರಿಸಿದ ಹಸಿರು ಬಣ್ಣದ ಚಮಚಗಳು.

ಐದು, ಪ್ರತಿ ವಿದ್ಯಾರ್ಥಿಯಿಂದ ವರ್ಷಕ್ಕೆ 50 ರೂಪಾಯಿಯ ಒಂದು ನಿಧಿ. ಪ್ರಥಮ ಚಿಕಿತ್ಸೆ, ಕೈಗವಸು, ಸಲಕರಣೆಗೆ. ಯಾರಿಗಾದರೂ ಪೆಟ್ಟಾದರೆ ಮೊದಲ ದಿನದ ಆಸ್ಪತ್ರೆ ಖರ್ಚಿಗೂ ಅದರಿಂದಲೇ ಕೊಡಬೇಕು. ಲೆಕ್ಕವನ್ನು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಬರೆದು ಈ ಪತ್ರಿಕೆಯಲ್ಲೇ ಪ್ರಕಟಿಸಲಿ. ಅದರಲ್ಲಿ ಸವಕಳಿಗೂ ಒಂದು ಸಾಲು ಇರಲಿ.

ನಾನು ಇದನ್ನು ನನಗಾಗಿ ಕೇಳುತ್ತಿಲ್ಲ. ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ನಾನು ಹೊರಡುತ್ತೇನೆ. ಮುಂದಿನ ಜೂನ್‌ನಲ್ಲಿ ಬರುವ ಹುಡುಗಿಯರು ಆ ಹಾಳೆಯನ್ನು ನೋಡಿದರೆ, ಇದು ಯಾವಾಗಲೂ ಹೀಗೇ ಇತ್ತು ಎಂದುಕೊಳ್ಳುತ್ತಾರೆ. ಇಲ್ಲಿಂದ ಒಮ್ಮೆ 34 ಜನ ಬೆಟ್ಟಕ್ಕೆ ಹೋಗಿದ್ದರು ಎಂದು ಅವರಿಗೆ ಯಾರು ಹೇಳುತ್ತಾರೆ?

ಗೆಳತಿಯ ಪ್ಲಾಸ್ಟರ್ ಬಿಚ್ಚಿದ್ದಾರೆ. ಕೈ ಇನ್ನೂ ಪೂರ್ತಿ ತಿರುಗುವುದಿಲ್ಲ, ದಿನಾ ರಬ್ಬರ್ ಚೆಂಡು ಹಿಸುಕುತ್ತಾಳೆ. ಕೊರಕಲು ಮುಚ್ಚಿದ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ಆ ಕಲ್ಲು ಅಲ್ಲಾಡಲ್ಲ ತಾನೇ?" ಎಂದು ಕೇಳಿದಳು. ನಾನು ನಿಂತು ಕುಣಿದು ನೋಡಿದ್ದೇನೆ ಎಂದೆ. "ಹಾಗಾದ್ರೆ ಮುಂದಿನ ಸಲ ನಾನೂ ಬರ್ತೀನಿ, ಎಡಗೈಯಲ್ಲಿ ಬಾಂಡ್ಲಿ ಹಿಡೀತೀನಿ" ಎಂದಳು. ಮುಂದಿನ ಸಲ ಇದೆಯೋ ಇಲ್ಲವೋ ಎಂಬುದು ಈಗ ಪೋಷಕರ ಕೈಯಲ್ಲಿದೆ.

ದಾದಿ ಕೇಳಿದ ಪ್ರಶ್ನೆಗೂ ಈಗ ನನ್ನ ಹತ್ತಿರ ಉತ್ತರ ಇದೆ. ಅಲ್ಲಿ ನಾನು ಕೂರಿಸಿದ ಏಳು ಕಲ್ಲುಗಳಿವೆ ದಾದಿ. ಈ ಸಲದ ಮಳೆಗೆ ಎಷ್ಟು ಉಳಿದಿವೆ ಎಂದು ಹೋಗಿ ನೋಡಬೇಕು.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ